ತೆಂಗಿನಹಾಲಿನ ಮೇಲೆ ಹಾಕಿದ ತಪ್ಪು

ಅತ್ತೆ, ನಿಮಗೆ ತೆಂಗಿನಕಾಯಿ ಆಗುವುದಿಲ್ಲ ಎಂಬುದು ಸುಳ್ಳು. ಆ ಸುಳ್ಳು ನನ್ನದು. ಮಲೇಷ್ಯಾದ ಮೆಲಾಕಾದ ನಮ್ಮ ಮನೆಗೆ ನೀವು ಬಂದಿದ್ದಾಗ, ಅಂದು ನಿಮ್ಮ ತುಟಿ ಊದಿದ್ದು ತೆಂಗಿನಹಾಲಿನಿಂದಲ್ಲ — ನಾನು ಬಡಿಸಿದ ಗಸಿಯಲ್ಲಿ ಒಣ ಸಿಗಡಿ ಇತ್ತು. ಅದು ನನಗೆ ಗೊತ್ತಿತ್ತು. ನೀವು ಇನ್ನೂ ಉಣ್ಣುತ್ತಿದ್ದಾಗಲೇ ಗೊತ್ತಾಗಿತ್ತು.

ಕೆಳಗಿನ ಮನೆಯ ಯಾತಿ ಜಾವಾದವಳು. ಲೊಂತೊಂಗ್ ಎಂಬ ಅಕ್ಕಿಯ ಕಡುಬು ಮಾಡುವುದನ್ನು ನಾನು ಅವಳಿಂದಲೇ ಕಲಿತದ್ದು. ಬಾಳೆಲೆಯನ್ನು ಕೊಳವೆಯಂತೆ ಸುತ್ತಿ, ಅರ್ಧಕ್ಕೆ ಮಾತ್ರ ಅಕ್ಕಿ ತುಂಬಿ, ಕಡ್ಡಿ ಚುಚ್ಚಿ ಬಾಯಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಬೆಳಗಿನಿಂದ ಬೇಯಿಸಬೇಕು. ತಣಿದ ಮೇಲೆ ಬಿಲ್ಲೆಗಳಾಗಿ ಕತ್ತರಿಸಬೇಕು. ಬಡಿಸಿದಾಗ ನೀವು ಒಂದು ಬಿಲ್ಲೆ ಎತ್ತಿ ಮೂಸಿ, “ಇದು ನಮ್ಮ ಮೂಡೆ ಕಡುಬಿನ ತಂಗಿಯೇ ಮಾರಾಯ್ತಿ, ಸ್ವಲ್ಪ ದಪ್ಪ ಆಗಿದ್ದಾಳೆ ಅಷ್ಟೆ” ಎಂದು ನಕ್ಕಿದ್ದಿರಿ.

ಅದರ ಜೊತೆಗಿನ ಅಲಸಂಡೆ, ಎಲೆಕೋಸು, ತೆಂಗಿನಹಾಲಿನ ಗಸಿಗೆ ಮಸಾಲೆ ರುಬ್ಬಿಕೊಟ್ಟವಳು ಯಾತಿ. ಮೀನು ಬೇಡ, ಮಾಂಸ ಬೇಡ ಎಂದಿದ್ದೆ; ಸಿಗಡಿಯ ಹೆಸರೆತ್ತಲು ತೋಚಲಿಲ್ಲ. ಕುದಿಯುವಾಗ ವಾಸನೆ ಬೇರೆ ಎನಿಸಿತು — ಇಲ್ಲಿಯ ಶುಂಠಿಯದಿರಬೇಕು ಎಂದುಕೊಂಡೆ. ದೇವರಿಗೆ ತೋರಿಸುವ ಮೊದಲು ನಾಲಿಗೆಗೆ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಹಾಗೇ ದೇವರ ಮುಂದಿಟ್ಟೆ. ಆಮೇಲೆ ನಿಮಗೆ ಬಡಿಸಿದೆ.

ಆಗ ಯಾತಿ ಹುರಿದ ಕಾಯಿತುರಿಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. “ಸೆದಾಪ್, ಕಾಕ್? ಉದಾಂಗ್ ಕೆರಿಂಗ್ ಸಿಕಿತ್ ಸಾಜಾ.” ರುಚಿಯಾಗಿದೆಯಾ ಅಕ್ಕ, ಒಣ ಸಿಗಡಿ ಸ್ವಲ್ಪವೇ ಹಾಕಿದ್ದೇನೆ — ಎಂದಳು.

ನನ್ನ ಕಿವಿ ಬಿಸಿಯಾಯಿತು.

“ಎಂತದಂತೆ ಅವಳಿಗೆ?” ನೀವು ಕೇಳಿದಿರಿ.

“ತೆಂಗಿನಹಾಲು ಮಂದ ಆಯ್ತಾ ಅಂತ ಕೇಳ್ತಿದ್ದಾಳೆ, ಅತ್ತೆ.”

“ಲಾಯ್ಕಾಗಿದೆ ಅಂತ ಹೇಳು. ನಂಗೆ ಇನ್ನೊಂದು ಸೌಟು ಹಾಕು.”

ಹಾಕಿದೆ. ಮೊದಲಿನದು ಅರಿಯದೆ ಆದದ್ದು. ಆ ಎರಡನೆಯ ಸೌಟು — ಅದಕ್ಕೆ ಏನೆನ್ನಲಿ?

ನಾನು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ನೀವು ಕುತ್ತಿಗೆ ಕೆರೆದುಕೊಳ್ಳುತ್ತಿದ್ದಿರಿ. ತುಟಿ ಊದಿತು. ಉಸಿರು ಸೀಟಿ ಹಾಕಿದಂತೆ ಬರತೊಡಗಿತು. ನಿಮ್ಮ ಮಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಫೋನ್ ಎತ್ತಲಿಲ್ಲ. ಟ್ಯಾಕ್ಸಿಯಲ್ಲಿ ಕ್ಲಿನಿಕ್‌ಗೆ ಹೋಗುವವರೆಗೂ ನೀವು ನನ್ನ ಕೈ ಬಿಡಲಿಲ್ಲ.

“ಪ್ರಾನ್, ಕ್ರ್ಯಾಬ್, ಏನಾದರೂ ತಿಂದರಾ?” ಡಾಕ್ಟರಮ್ಮ ಕೇಳಿದರು.

“ಇಲ್ಲ ಡಾಕ್ಟರ್. ಪ್ಯೂರ್ ವೆಜ್.”

ನಿಮಗೆ ಉಸಿರು ಕಟ್ಟುತ್ತಿತ್ತು, ನಾನು ನನ್ನ ಮರ್ಯಾದೆ ನೋಡಿಕೊಳ್ಳುತ್ತಿದ್ದೆ. ಆ ಇಂಜೆಕ್ಷನ್ ಕೆಲಸ ಮಾಡದೇ ಹೋಗಿದ್ದರೆ — ಆಗಲಾದರೂ ಬಾಯಿ ಬಿಡುತ್ತಿದ್ದೆನಾ? ಹೌದೆಂದು ಹೇಳಲು ನನಗೆ ಧೈರ್ಯವಿಲ್ಲ.

ಉಸಿರು ತಿರುಗಿದ ಮೇಲೆ ನೀವೇ ಹೇಳಿದಿರಿ, “ಈ ದಪ್ಪ ತೆಂಗಿನಹಾಲೇ ಇರಬೇಕು. ವಯಸ್ಸಾಯಿತಲ್ಲ, ಇನ್ನು ಕಾಯಿ ಸಹವಾಸವೇ ಬೇಡ.” ನಾನು ತಲೆಯಾಡಿಸಿದೆ.

ಅಂದಿನಿಂದ ಉಡುಪಿಯ ಮಗಳ ಮನೆಯಲ್ಲಿ ನಿಮಗೆ ಕಾಯಿ ಹಾಕದ ಹುಳಿ, ಕಾಯಿ ಹಾಕದ ಪಲ್ಯ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಹೇಳಿದಿರಿ: “ಹಬ್ಬಕ್ಕೆ ಕಾಯಿಹಾಲಿನ ಪಾಯಸ ಮಾಡಿದ್ದರು. ಪರಿಮಳ ನೋಡಿದೆ, ಸಾಕು.”

ನಿಜ ಹೇಳಿದರೆ ಕಾಯಿ ಮರಳುತ್ತದೆ, ಆದರೆ ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ನಿಮ್ಮ ನೇಮ ಮುರಿದದ್ದು ತಿಳಿಯುತ್ತದೆ — ಈ ನೆಪದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದೆ. ನಿಮ್ಮ ಮೇಲಿನ ಮರುಕ ಎಂದುಕೊಂಡೆ. ಅಲ್ಲ. ನನ್ನ ಕೈಯಡುಗೆ ಉಣ್ಣುವುದನ್ನು ಬಿಟ್ಟುಬಿಡುತ್ತೀರಿ ಎಂಬ ಹೆದರಿಕೆ, ಅಷ್ಟೆ.

ಬರೆದು ಕಳಿಸಿ ತಪ್ಪಿಸಿಕೊಳ್ಳುವುದಿಲ್ಲ. ಟಿಕೆಟ್ ಆಗಿದೆ. ನಿಮ್ಮೆದುರು ಕೂತು ಇದೆಲ್ಲವನ್ನೂ ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ನನ್ನ ಕೈಯಿಂದ ನೀರು ತೆಗೆದುಕೊಳ್ಳುವುದು, ಬಿಡುವುದು ನಿಮಗೆ ಸೇರಿದ್ದು. ಯಾತಿಯ ಮೇಲೆ ಮಾತ್ರ ಸಿಟ್ಟಾಗಬೇಡಿ, ಅತ್ತೆ. ಅವಳು ಬಾಗಿಲಲ್ಲೇ ಹೇಳಿದ್ದಳು.