ಪಡಸಾಲಿಯಂಥ ಪದ್ಮಿನಿ

ನಮ್ಮ ಹಣಮಂತರಾಯರು ಕಳೆದ ಗುರುವಾರ ಬೆಳಗ್ಗೆ ಸನತ್‌ನಗರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತೀರಿಕೊಂಡರು. ಎಪ್ಪತ್ತಮೂರು ವರ್ಷ. ಹೃದಯ ನಿಂತಿತ್ತು.

ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಲೇತ್ ನಡೆಸಿದವರು. ನಿವೃತ್ತರಾದ ಮೇಲೂ ಐದಕ್ಕೇ ಎದ್ದು, ಎಂಬತ್ತೈದನೇ ಇಸವಿಯ ಪದ್ಮಿನಿ ಕಾರು ಹೊರತೆಗೆದು, ಬಸ್ಸಿಗೆ ಕಾದು ನಿಂತ ಕೆಲಸಗಾರರನ್ನು ತುಂಬಿಕೊಂಡು ಪಟಾನ್‌ಚೆರುವಿಗೆ ಬಿಟ್ಟು ಬರುತ್ತಿದ್ದರು. ಅದೇ ಅವರ ವಾಕಿಂಗ್.

ಮಣಿಕೊಂಡದಲ್ಲಿರುವ ಮಗಳು ಶರ್ವರಿ ಈ ಯುಗಾದಿಗೆ ಅಪ್ಪನಿಗೆಂದು ಹೊಸ ಬ್ಯಾಟರಿ ಕಾರು ತಂದಳು. ಮನೆಯ ಮುಂದೆ ಇದ್ದದ್ದು ಒಂದೇ ಕಾರಿನ ಜಾಗ. ಒಂದು ಹೋಗಲೇಬೇಕು.

"ನಿಮ್ಮವ್ವ ಎರಡರಾಗೂ ಕೂತು ನೋಡ್ಲಿ. ಆಕಿ ಅಂದದ್ದ ಖರೆ," ಎಂದರು ರಾಯರು. ಹೆಂಡತಿ ತಮ್ಮ ಕಡೆಗೇ ಎಂಬ ಧೈರ್ಯ.

"ನಾ ಅಲ್ಲ, ನನ್ನ ನೋಯೋ ನಡ ತೀರ್ಪು ಕೊಡತೈತಿ," ಎಂದರು ಸುಂದರಾಬಾಯಿ.

ಸೋಮವಾರ ಹೊಸ ಕಾರು. ಗಿರಣಿಗೆ ಹಾಕಬೇಕಾದ ಜೋಳದ ಚೀಲವನ್ನು ಮುಂದಿನ ಸೀಟಿಗಿಟ್ಟದ್ದೇ ತಡ, ಕಾರು ಕೀಂ ಕೀಂ ಎಂದು ಅರಚತೊಡಗಿತು.

"ಯಾರೋ ಕುಂತಾರಂತ ತಿಳಕೊಂಡೈತಿ, ಅಪ್ಪಾ. ಬೆಲ್ಟ್ ಹಾಕು."

"ಜೋಳಕ್ಕ?" ರಾಯರು ಇಳಿದು ಹೋಗಿ ಚೀಲಕ್ಕೆ ಬೆಲ್ಟ್ ಬಿಗಿದು ಕೈಮುಗಿದರು. "ಆರಾಮ ಕೂಡ್ರಿ, ಸಾಹೇಬ್ರ."

ಬಸ್ ನಿಲ್ದಾಣದಲ್ಲಿ ನಿಂತರೆ ಯಾರೂ ಹತ್ತಿರ ಸುಳಿಯಲಿಲ್ಲ. ಸದ್ದಿಲ್ಲ, ಗಾಜು ಏರಿಸಿತ್ತು. ಯಾವನೋ ಆಫೀಸರ್ ಎಂದುಕೊಂಡರು. ಕುಕಟಪಲ್ಲಿ ದಾಟುವಷ್ಟರಲ್ಲಿ ಸುಂದರಾಬಾಯಿಯ ಗೊರಕೆ.

ಮಂಗಳವಾರ ಪದ್ಮಿನಿ. ಚೋಕ್ ಎಳೆದರು, ಎರಡು ಸಲ ಕೆಮ್ಮಿ ಹೊರಟಿತು. ಆ ಕೆಮ್ಮು ಕೇಳಿಯೇ ನಿಲ್ದಾಣದವರು ಓಡಿಬಂದರು. ನಾಲ್ವರು ಹಿಂದೆ, ಅವರ ಬುತ್ತಿಡಬ್ಬಿಗಳೆಲ್ಲ ಸುಂದರಾಬಾಯಿಯ ತೊಡೆಯ ಮೇಲೆ. ಮಿಯಾಪುರ ಬರುವ ಹೊತ್ತಿಗೆ ಒಂದರ ಮುಚ್ಚಳ ತೆಗೆದು ಟೊಮೆಟೊ ಪಚ್ಚಡಿ ನೆಕ್ಕಿ, ಒಗ್ಗರಣೆಗೆ ಏನು ಹಾಕಿದ್ದೆಂದು ತೆಲುಗಿನಲ್ಲಿ ವಿಚಾರಣೆ ನಡೆಸಿದ್ದರು. ಮನೆಗೆ ಬಂದು ಕಾರಿನಿಂದ ಇಳಿಯಲು ಮಾತ್ರ ಅಪ್ಪ-ಮಗಳು ಇಬ್ಬರೂ ಕೈಹಿಡಿದು ಎಬ್ಬಿಸಬೇಕಾಯಿತು.

"ಹೊಸದು ದೇವರ ಕೋಣಿ ಇದ್ದಂಗ. ತಂಪು, ಬಾಯಿ ಮುಚ್ಚಿ ಕೂಡಬೇಕು. ಇದು ಪಡಸಾಲಿ. ನಾಕ ಮಂದಿ ಬರ್ತಾರ, ಹರಟಿ ಹೊಡೀತಾರ," ಎಂದರು ಸುಂದರಾಬಾಯಿ.

ರಾಯರ ಮೀಸೆ ಅರಳಿತು.

"ಆದ್ರ ನಡ ಸುಳ್ಳು ಹೇಳಂಗಿಲ್ಲ. ಹೊಸದ ಇರ್ಲಿ."

ರಾಯರು ತುಸು ಹೊತ್ತು ಸ್ಟೀರಿಂಗ್ ಒರೆಸಿದರು. ಆಮೇಲೆ ಕೀಲಿಯನ್ನು ಮಗಳ ಕೈಗಿಟ್ಟರು. "ಮಾತಂದ್ರ ಮಾತು. ಮಾರಿಬಿಡವಾ."

"ಮಾರಾಕ ನನಗೇನು ಹುಚ್ಚು ಹಿಡದೈತೇನು? ನಮ್ಮ ಅಪಾರ್ಟ್‌ಮೆಂಟಿನಾಗ ಜಾಗ ಖಾಲಿ ಐತಿ. ನನ್ನ ಫ್ಯಾಕ್ಟರಿನೂ ಪಟಾನ್‌ಚೆರುವಿನಾಗ ಐತಿ. ಸುತ್ತಾದ್ರೂ ಹಿಂಗ ಬಂದು ನಿನ್ನ ಮಂದೀನೂ ಕರಕೊಂಡು ಹೋಗ್ತೀನಿ. ಮದ್ಲ ಚೋಕ್ ಕಲಿಸು."

ಬುಧವಾರವಿಡೀ ಕಲಿಸಿದರು. ಕಾರು ಗಲ್ಲಿಯ ತುಂಬ ಕಪ್ಪೆಯಂತೆ ಕುಪ್ಪಳಿಸಿತು. ರಾಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಗುರುವಾರ ಶರ್ವರಿಯೇ ನಡೆಸಿದಳು, ರಾಯರು ಪಕ್ಕದಲ್ಲಿ. ನಿಲ್ದಾಣದಲ್ಲಿ ನಾಲ್ವರು ಹಿಂದೆ ಹತ್ತಿದರು. ಐದನೆಯವಳು ಡಬ್ಬಿ ಹಿಡಿದು ಹೊರಗೇ ಉಳಿದಳು. ರಾಯರು ಬಾಗಿಲು ತೆಗೆದು ಇಳಿದರು.

"ಅಪ್ಪಾ, ನೀ ಹೆಂಗ ಹೋಗ್ತಿ?"

"ನಂದೇನ್ ಚಿಂತಿ? ಮನ್ಯಾಗ ಹೊಸ ಕಾರ್ ಐತಲ್ಲ!"

ಆ ಹೆಂಗಸನ್ನು ತಮ್ಮ ಜಾಗದಲ್ಲಿ ಕೂರಿಸಿ, ಬಾಗಿಲನ್ನು ಪದ್ಮಿನಿಗೆ ಬೇಕಾದಷ್ಟು ಜೋರಾಗಿ ಹಾಕಿ, ಕಂಡಕ್ಟರನಂತೆ ಕಾರಿನ ಚಾವಣಿಯ ಮೇಲೆ ಎರಡು ಸಲ ಬಡಿದು, ರಾಯರು ಕೂಗಿದರು: "ರೈಟ್, ರೈಟ್!"