ಜರ್ಮನಿಯ ಚರ್ಚಿಗೆ ನವಲಗುಂದದ ಜಮಖಾನ

ನವಲಗುಂದದ ರಾಜಮಾಬಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಜಮಖಾನ ನೇಯುವ ಕೈ ಮಾತ್ರ ಬಂಗಾರ. ಅವಳ ಮನೆತನದಲ್ಲಿ ಆ ವಿದ್ಯೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಅದನ್ನು ಗಂಡನ ಮನೆಗೆ ಹೊತ್ತುಕೊಂಡು ಹೋದಾಳೆಂಬ ಹೆದರಿಕೆ. ಸೊಸೆ ನಾಜಿಮಾ ಮದುವೆಯಾದಾಗಿನಿಂದ ನೂಲು ಸುತ್ತಿ ಸುತ್ತಿ ಸಾಕಾಗಿ, ಕೊನೆಗೂ ಈ ಸಲ ಅತ್ತೆಯ ಬಾಜು ಮಗ್ಗಕ್ಕೆ ಕೂತಿದ್ದಳು.

ಆರ್ಡರು ಬಂದದ್ದು ಜರ್ಮನಿಯ ಒಂದು ಹಳೇ ಊರಿನಿಂದ. ಅಲ್ಲೊಂದು ಪುರಾತನ ಚರ್ಚು, ಅದರ ಹಿಂದಿನ ಓಣಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ. ಆ ಮಂದಿರವನ್ನು ಹಿಂದೆ ಊರಿನವರೇ ಸುಟ್ಟಿದ್ದರಂತೆ. ಆಮೇಲೆ ಮತ್ತೆ ಕಟ್ಟಿದರಂತೆ. ಈಗ ಎರಡೂ ಕಡೆಯವರು ಕೂಡಿ ಪ್ರಾರ್ಥನೆಗೆ ಕೂರಲು ಚರ್ಚಿನಲ್ಲೊಂದು ಕೋಣೆ ತೆಗೆದಿರಿಸಿದ್ದರು. ಅದಕ್ಕೆ ಹಾಸಲು ಜಮಖಾನ ಬೇಕಿತ್ತು. ಪ್ರಾರ್ಥನೆ ಎಂದ ಮೇಲೆ ರಾಜಮಾಬಿಯನ್ನು ಕೇಳಬೇಕೆ? ನಮಾಜಿನ ಹಾಸಿನ ಮೇಲೆ ತೆಗೆಯುವ ಮಸೀದಿಯ ಕಮಾನನ್ನೇ ಮುತುವರ್ಜಿಯಿಂದ ನೇಯ್ಗೆಯಲ್ಲಿ ಎಬ್ಬಿಸಿದಳು.

ಅರ್ಧ ನೇಯ್ದಾಗಿತ್ತು. ನಾಜಿಮಾ ಹುರುಪಿನಿಂದ ಆ ಚರ್ಚಿನ ವಿಡಿಯೊ ತೋರಿಸಿದಳು. ಬಣ್ಣದ ಗಾಜು, ಎತ್ತರದ ಗೋಪುರ, ಏನು ಚಂದ! ರಾಜಮಾಬಿಯ ಕಣ್ಣು ಬಿದ್ದದ್ದು ಮಾತ್ರ ನೆಲದ ಮೇಲೆ.

“ಬೂಟ ಹಾಕ್ಕೊಂಡ ಒಳಗ ಹೊಂಟಾರಲ್ಲಬೇ ಇವರು!”

“ಅಲ್ಲಿ ಪದ್ಧತಿ ಹಂಗೈತ್ರಿ ಅತ್ತಿ. ಥಂಡಿ ಭಾಳ.”

“ಬಿಚ್ಚು. ಕಮಾನಿನ ಮ್ಯಾಲ ಬೂಟ ಇಡಾಕ ನಾ ನೇಯೂದಿಲ್ಲ.”

ನಾಜಿಮಾ ಮಗ್ಗಕ್ಕೆ ಕೈ ಅಡ್ಡ ಹಿಡಿದಳು. ಮೊದಲ ಸಲ ನೇಯ್ದದ್ದನ್ನು ತಾನೇ ಬಿಚ್ಚಬೇಕೆ? “ಅವರನ್ನ ಒಂದ ಮಾತ ಕೇಳ್ತೀನ್ರಿ,” ಎಂದು ಅಂಗಲಾಚಿ, ಅತ್ತೆಯ ಮಾತಿನಿಂದ ಬೈಗುಳವನ್ನಷ್ಟೇ ಸೋಸಿ ತೆಗೆದು, ಮೊಬೈಲಿನಲ್ಲೇ ತರ್ಜುಮೆ ಮಾಡಿ ಕಳಿಸಿದಳು.

ಉತ್ತರ ಬರುವವರೆಗೆ ಮಗ್ಗ ಸುಮ್ಮನಿತ್ತು. ರಾಜಮಾಬಿಗೂ ಊಟ ಸೇರಲಿಲ್ಲ. ಸೊಸೆಯ ಕೈ ಎಷ್ಟು ಹದವಾಗಿ ಓಡುತ್ತದೆಂದು ಅವಳೂ ಕಂಡಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಕಡೆಗೆ ಉತ್ತರ ಬಂತು. ನಾಜಿಮಾ ಓದಿ ಹೇಳಿದಳು: ಎರಡೂ ಕಡೆಯವರು ಕೂತು ಮಾತಾಡಿದ್ದಾರೆ, ಆ ಕೋಣೆಯ ಬಾಗಿಲಲ್ಲೇ ಬೂಟು ಬಿಡುತ್ತಾರೆ. ಆದರೆ ಅವರಲ್ಲೇ ಒಂದು ತಕರಾರು ಎದ್ದಿದೆ. ಚರ್ಚಿನ ಗಂಡಸರು ದೇವರೆದುರು ಟೋಪಿ ತೆಗೆಯುವವರು, ಯಹೂದಿ ಗಂಡಸರು ಹಾಕಿಕೊಳ್ಳುವವರು. ಈ ಜಮಖಾನದ ಮೇಲೆ ಯಾವುದು ಸರಿ ಎಂದು ನೇಯುವ ತಾಯಿಯೇ ಹೇಳಬೇಕಂತೆ.

ರಾಜಮಾಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಮಗ್ಗಕ್ಕೆ ಕೂತಳು, ಬಾಜು ಸೊಸೆಗೆ ಜಾಗ ಬಿಟ್ಟು.

“ಅವರಿಗೆ ಹಿಂಗ ಬರಿ,” ಎಂದಳು. “ತಲಿ ಅವರವರದು. ನನಗ ಕಾಲಷ್ಟ ಸಾಕು.”