ಸಕ್ಕರೆಗೂ ಬಿಡದ ಅಂಟು

ಎಂಬತ್ತರ ದಶಕದ ಆರಂಭದಲ್ಲಿ ನಾನು ಬಳ್ಳಾರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ಕಂಟೋನ್ಮೆಂಟಿನ ಬಾಡಿಗೆ ಕೋಣೆಯಿಂದ ನಡೆದು ಹೋಗುವಷ್ಟರಲ್ಲಿ ಬೆವರಿಗೆ ಸೀರೆ ಮೈಗೆ ಹತ್ತಿರುತ್ತಿತ್ತು. ಅಬ್ಬಾ, ಏನು ಬಿಸಿಲು! ಆದರೂ ಆ ಲ್ಯಾಬಿನ ಸ್ಪಿರಿಟ್ ವಾಸನೆ ನೆನೆದರೆ ಈಗಲೂ ಜೀವ ಹಿಗ್ಗುತ್ತದೆ.

ನಾನೂ ಅಕ್ಕನೂ ಕುರುಗೋಡಿನಲ್ಲಿ ಹುಟ್ಟಿದವರು. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಹೆರಿಗೆಯಾದ ಮೇಲೆ ಅವಳಿಗೆ ಉರಿಮೂತ್ರ ಬೆನ್ನುಬಿಡಲಿಲ್ಲ. ಉರಿ ಎದ್ದಾಗ ಅಂಗಡಿಯಿಂದ ಎರಡು ಗುಳಿಗೆ ತರಿಸಿ ನುಂಗುವುದು, ತಣ್ಣಗಾದೊಡನೆ ಮರೆಯುವುದು. ಬೈದು ಬೈದು ನನಗೇ ಸಾಕಾಗಿತ್ತು. ಜ್ವರ, ಸೊಂಟನೋವು ಶುರುವಾದಾಗ ನಮ್ಮ ಆಸ್ಪತ್ರೆಗೆ ಎಳೆದುತಂದೆ.

ಅವಳ ಮೂತ್ರದಲ್ಲಿದ್ದ ಕ್ರಿಮಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದರೆ, ಆ ಗುಳಿಗೆಯ ಔಷಧ ಹಚ್ಚಿದ ಕಾಗದದ ಬಿಲ್ಲೆಯ ಸುತ್ತಲೂ ಅವು ಹಾಯಾಗಿದ್ದವು. ಅದಕ್ಕೆ ಅವು ಪಳಗಿಬಿಟ್ಟಿದ್ದವು. ನಮ್ಮ ಡಾಕ್ಟರು ಇನ್ನೊಂದು ಪರೀಕ್ಷೆ ತೋರಿಸಿದರು. ಇವುಗಳ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ, ಅವುಗಳಿಂದಲೇ ಒಳಗೆ ಕಚ್ಚಿಕೊಳ್ಳುತ್ತವೆ. ಬೆಳೆಸುವ ದ್ರಾವಣ ಬದಲಾದರೆ ಅದೇ ಕ್ರಿಮಿಗೆ ಎಳೆ ಮೂಡಬಹುದು, ಮೂಡದೆಯೂ ಇರಬಹುದು. ನನ್ನ ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಅವನ್ನು ಬೆರೆಸಿದಾಗ ಗಾಜಿನ ಮೇಲೆ ಕೆಂಪು ರವೆಯಂತೆ ಗಟ್ಟಿಕಟ್ಟಿತು. ಮ್ಯಾನೋಸ್ ಎಂಬ ಸಕ್ಕರೆ ಹಾಕಿದರೆ ಕೆಲವು ಜಾತಿಯವು ಹಿಡಿತ ಸಡಿಲಿಸುತ್ತವೆ. ಅಕ್ಕನವು ಸಡಿಲಿಸಲಿಲ್ಲ. ಡಾಕ್ಟರು ಬೇರೆ ಔಷಧ ಬರೆದರು.

ಸಿರುಗುಪ್ಪಕ್ಕೆ ಹೋಗಿ ಅಕ್ಕನಿಗೆ ಹೇಳಿದೆ: "ನಿನ್ನ ಹೊಟ್ಟ್ಯಾಗಿನ ಕ್ರಿಮಿಗಳ ಅಂಟು ಭಾಳ ಗಟ್ಟಿ ಐತಿ. ಬ್ಯಾರೆ ಜಾತಿಯವು ಸಕ್ಕರಿಗೆ ಬಿಡ್ತಾವ, ಇವು ಬಿಡವಲ್ಲವು. ಔಷಧ ಪೂರ್ತಿ ಮುಗಸು."

ಅಡುಗೆಮನೆಯಲ್ಲಿದ್ದ ಅವಳ ಅತ್ತೆಯ ಕಿವಿಗೆ ಬಿದ್ದದ್ದು 'ಅಂಟು' ಒಂದೇ. ಅಂಟುರೋಗ! ಬಂದವಳೇ ಅಕ್ಕನ ಮಡಿಲಲ್ಲಿದ್ದ ವರ್ಷದ ಕೂಸನ್ನು ಎತ್ತಿಕೊಂಡುಬಿಟ್ಟಳು.

"ಯವ್ವಾ, ಇದು ಮುಟ್ಟಿದ್ರ ಬರೂ ರೋಗ ಅಲ್ರಿ," ಎಂದೆ.

"ನೀ ಸುಮ್ನಿರು ತಂಗಿ. ಅಂಟು ಅಂತ ನೀನ ಅಂದಿ. ಅದು ಹೋಗೇತಿ ಅಂತ ನಿಮ್ಮ ಡಾಕ್ಟ್ರು ಹೇಳ್ಲಿ, ಆಮ್ಯಾಲ ಕೂಸು ಕೊಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. "ಕೂಸಿಗೆ ಏನರ ಆದ್ರ ಏನ್ ಮಾಡ್ಲಿ ಲೇ?" ಎಂದು ಅಕ್ಕ ನನ್ನನ್ನೇ ಕೇಳಿದಳು. ಅಂದಿನಿಂದ ಕೂಸು ಅಜ್ಜಿಯ ಮಗ್ಗುಲಲ್ಲೇ ಮಲಗಿತು. ಅಕ್ಕ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ.

ಮರುಪರೀಕ್ಷೆಯಲ್ಲಿ ತಟ್ಟೆ ಖಾಲಿ. ಮೊದಲ ಬಸ್ಸಿಗೇ ಓಡಿದೆ. ಸುದ್ದಿ ಕೇಳಿದ ಅತ್ತೆ ದೇವರಿಗೆ ಕೈಮುಗಿದು ಕೂಸನ್ನು ಕೆಳಗಿಳಿಸಿದಳು. ಅಕ್ಕ ಎರಡೂ ಕೈ ಚಾಚಿದಳು. ಕೂಸು ಅಜ್ಜಿಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅದರಲ್ಲೇ ಮುಖ ಹುದುಗಿಸಿತು.

"ಬಿಡವಲ್ದಲ್ಲ ತಂಗಿ," ಎಂದ ಅತ್ತೆಯ ಕಣ್ಣಲ್ಲೂ ನೀರು.

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಂಗೈಯಲ್ಲಿ ಒಂದಿಷ್ಟು ಸಕ್ಕರೆ ತಂದು ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೋಡೂಣು, ನೀ ಯಾವ ಜಾತಿಯಾಕಿ ಅಂತ."

ಕೂಸು ಸಕ್ಕರೆ ನೋಡಿತು, ಅವ್ವನ ಮುಖ ನೋಡಿತು. ಒಂದು ಮುಷ್ಟಿ ಬಿಚ್ಚಿತು. ಆಮೇಲೆ ಇನ್ನೊಂದು.